ಶಿಫ್ಟು ಮುಗಿದ ಮೇಲೆ ಬರೆದವರು

ಕನ್ನಡದ ಲೇಖಕ ಹಗಲು ಹೊತ್ತು ಏನು ಮಾಡುತ್ತಾನೆ ಎಂದು ಕೇಳಿದರೆ ಬಹಳ ಕಾಲ ನಮ್ಮಲ್ಲಿ ಒಂದು ಸಿದ್ಧ ಉತ್ತರವಿತ್ತು: ಪಾಠ ಮಾಡುತ್ತಾನೆ. ಕುವೆಂಪು, ಬೇಂದ್ರೆ, ಗೋಕಾಕ, ಅಡಿಗ, ಶಿವರುದ್ರಪ್ಪ, ಶಾಂತಿನಾಥ ದೇಸಾಯಿ, ಅನಂತಮೂರ್ತಿ, ಭೈರಪ್ಪ, ಹೀಗೆ ಹಾಜರಿ ಪುಸ್ತಕದ ಪುಟ ಮಗುಚುತ್ತಲೇ ಹೋಗಬಹುದು. ಮಾಸ್ತಿಯವರಂಥ ಸರ್ಕಾರಿ ಅಧಿಕಾರಿಗಳೂ ಕಾರಂತರಂತೆ ಯಾವ ಹಾಜರಿಗೂ ಸಿಗದವರೂ ಇದ್ದರು, ಆದರೆ ಅಪವಾದವೆಂಬಂತೆ ಇದ್ದರು. ವಿಮರ್ಶೆ ಬರೆದವರೂ ಹೆಚ್ಚಿನಂಶ ಮೇಷ್ಟರುಗಳೇ. ಹಾಗಾಗಿ ಒಬ್ಬ ಲೇಖಕನ ಮೇಲೆ ಯಾವ ಪುಸ್ತಕದ ಪ್ರಭಾವವಾಯಿತು ಎಂದು ನಾವು ಹುಡುಕಿದಷ್ಟು ಯಾವ ನೌಕರಿಯ ಪ್ರಭಾವವಾಯಿತು ಎಂದು ಹುಡುಕಲಿಲ್ಲ. ಮೇಷ್ಟರಿಗೆ ಪುಸ್ತಕವೇ ನೌಕರಿ. ಎರಡನ್ನೂ ಬೇರೆಬೇರೆಯಾಗಿ ನೋಡುವ ಅಗತ್ಯ ಅವರಿಗೆ ಬೀಳಲಿಲ್ಲ.

ಈ ಸಾಲಿನ ಪಕ್ಕದಲ್ಲೇ ಇನ್ನೊಂದು ಸಾಲು ಬೆಳೆದು ಈಗ ಅರ್ಧ ಶತಮಾನ ದಾಟಿದೆ. ಪ್ಲಾಸ್ಟಿಕ್ ರಾಳಗಳ ತಜ್ಞ, ಔಷಧ ಕಾರ್ಖಾನೆಯ ಕೆಮಿಸ್ಟ್, ಸಾಬೂನು-ಚಹಾ ಮಾರುವ ದೊಡ್ಡ ಕಂಪನಿಯ ಎಂಜಿನಿಯರ್, ವಿಮಾನ ಕಾರ್ಖಾನೆಯ ಎಂಜಿನಿಯರ್, ಅಣೆಕಟ್ಟು ಕಟ್ಟುವ ಇಲಾಖೆಯ ನೌಕರ, ಅಮೆರಿಕದ ಆಸ್ಪತ್ರೆಯ ವೈದ್ಯ, ಬೆಂಗಳೂರಿನ ಸಾಫ್ಟ್‌ವೇರ್ ನೌಕರ. ಇವರೆಲ್ಲ ಕನ್ನಡ ಕಥನಕ್ಕೆ ಏನು ತಂದರು, ಏನನ್ನು ಆಫೀಸಿನ ಗೇಟಿನಲ್ಲೇ ಬಿಟ್ಟು ಬಂದರು ಎಂಬ ಲೆಕ್ಕವನ್ನು ಒಮ್ಮೆ ಹಿಂತಿರುಗಿ ನೋಡಬೇಕು ಅನ್ನಿಸಿದೆ. ನೌಕರಿಯಿಂದ "ಅನುಭವ" ಸಿಗುತ್ತದೆ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ನೌಕರಿ ಸಮಯ ತಿನ್ನುತ್ತದೆ ಎಂಬುದೂ ನಿಜವೇ, ಆದರೆ ಅದು ಸಂಸಾರಕ್ಕೂ ಅನ್ವಯಿಸುತ್ತದೆ. ನನಗೆ ಕಾಣುವುದು ಬೇರೆ. ತಾಂತ್ರಿಕ ನೌಕರಿ ನಮ್ಮ ಒಳ್ಳೆಯ ಕತೆಗಾರರಿಗೆ ವಸ್ತು ಕೊಟ್ಟದ್ದು ಕಡಿಮೆ, ಯೋಚಿಸುವ ಕ್ರಮ ಕೊಟ್ಟದ್ದು ಹೆಚ್ಚು. ಆ ಕ್ರಮದಿಂದ ಕನ್ನಡಕ್ಕೆ ಲಾಭವಾಗಿದೆ. ವಸ್ತು ಬಾರದೇ ಹೋದದ್ದರಿಂದ ನಷ್ಟವೂ ಆಗಿದೆ, ಮತ್ತು ಆ ನಷ್ಟದ ಬಗ್ಗೆ ನಾವು ಮಾತಾಡಿದ್ದು ಸಾಲದು.

ಯಶವಂತ ಚಿತ್ತಾಲರಿಂದಲೇ ಶುರುಮಾಡಬೇಕು. 1928ರಲ್ಲಿ ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿ, ಮುಂಬಯಿಯಲ್ಲಿ ರಾಸಾಯನಿಕ ತಂತ್ರಜ್ಞಾನ ಓದಿ, ಅಮೆರಿಕದ ನ್ಯೂಜೆರ್ಸಿಯ ಸ್ಟೀವನ್ಸ್ ಸಂಸ್ಥೆಯಲ್ಲಿ ಹೆಚ್ಚಿನ ವ್ಯಾಸಂಗ ಮಾಡಿ, ಬೇಕಲೈಟ್ ಹೈಲಮ್ ಕಂಪನಿಯಲ್ಲಿ ಪಾಲಿಮರ್ ತಜ್ಞರಾಗಿ ಎತ್ತರದ ಹುದ್ದೆಗೇರಿದವರು. ಬೇಕಲೈಟ್ ಎಂದರೆ ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಮಾಡುವ ರಾಳ. ಒಮ್ಮೆ ಕಾಸಿ ಗಟ್ಟಿಯಾದರೆ ಮತ್ತೆ ಎಷ್ಟು ಕಾಸಿದರೂ ಕರಗುವುದಿಲ್ಲ. ಹಳೆಯ ಮನೆಗಳ ಕಪ್ಪು ಸ್ವಿಚ್ಚು, ಹೋಲ್ಡರುಗಳೆಲ್ಲ ಅದರವೇ. ಈ ಗುಣಕ್ಕೂ, ಚಿತ್ತಾಲರ ಪಾತ್ರಗಳೊಳಗೆ ಬಾಲ್ಯದಲ್ಲೇ ಗಟ್ಟಿಯಾಗಿ ಕೂತ ಹನೇಹಳ್ಳಿಗೂ ಗಂಟು ಹಾಕುವ ಆಸೆ ಯಾರಿಗಾದರೂ ಆಗುತ್ತದೆ. ನಾನು ಹಾಕುವುದಿಲ್ಲ. ಅಂಥ ಹೋಲಿಕೆಗಳು ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸುತ್ತವೆ, ಪುಸ್ತಕದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಅವರ ನೌಕರಿಯ ಗುರುತು ಕಾಣಬೇಕಾದರೆ 1979ರ 'ಶಿಕಾರಿ'ಯ ಚಲನೆಯನ್ನು ನೋಡಬೇಕು. ರಾಸಾಯನಿಕ ಕಂಪನಿಯ ದೊಡ್ಡ ಅಧಿಕಾರಿ ನಾಗಪ್ಪನ ಮೇಲೆ ಇದ್ದಕ್ಕಿದ್ದಂತೆ ವಿಚಾರಣೆ ಬರುತ್ತದೆ. ಆರೋಪ ಏನು, ಮಾಡಿದವರು ಯಾರು, ಇದರ ಹಿಂದಿನ ಕೈ ಯಾವುದು ಎಂಬುದೊಂದೂ ಸ್ಪಷ್ಟವಿಲ್ಲ. ನಾಗಪ್ಪ ಅಳುತ್ತ ಕೂರುವುದಿಲ್ಲ, ಬಂಡೇಳುವುದೂ ಇಲ್ಲ. ಯಾರು ಯಾವಾಗ ಏನಂದರು, ಫಿರೋಜ್‌ನ ಆ ಮಾತಿಗೂ ಶ್ರೀನಿವಾಸನ ಈ ನಡೆಗೂ ನಡುವೆ ಏನಿದ್ದೀತು, ಹೀಗಾಗಿದ್ದರೆ ಹಾಗೆ ಯಾಕಾಯಿತು ಎಂದು ಒಂದೊಂದೇ ಊಹೆಯನ್ನು ಎತ್ತಿ, ತಿರುಗಿಸಿ ನೋಡಿ, ಕೆಳಗಿಡುತ್ತಾನೆ. ಕಾರ್ಖಾನೆಯಲ್ಲಿ ಅವಘಡವಾದಾಗ ತನಿಖೆ ನಡೆಸುವವರು ಹೀಗೆಯೇ ಕೆಲಸ ಮಾಡುವುದು. ಮೊದಲು ಘಟನೆಗಳ ಕ್ರಮ, ಆಮೇಲೆ ಕಾರಣಗಳು, ಕೊನೆಗೆ ಹೊಣೆ. ಆ ತನಿಖೆಯ ವಿಧಾನವನ್ನು ಒಬ್ಬ ಮನುಷ್ಯ ತನ್ನ ಮೇಲೆಯೇ ಪ್ರಯೋಗಿಸಿಕೊಂಡರೆ ಏನಾಗುತ್ತದೆ? ಕಾರಣಗಳ ಸರಪಳಿ ಕಂಪನಿಯ ಗೋಡೆ ದಾಟಿ ಬಾಲ್ಯಕ್ಕೆ ಹೋಗುತ್ತದೆ, ಬಾಲ್ಯದಿಂದ ಮನುಷ್ಯನ ಬೇಟೆಯ ಸ್ವಭಾವಕ್ಕೆ ಹೋಗುತ್ತದೆ, ಎಲ್ಲಿಯೂ ಮುಗಿಯುವುದಿಲ್ಲ. ನವ್ಯದ ಅನೇಕ ಕಾದಂಬರಿಗಳ ನಾಯಕರೂ ತಮ್ಮೊಳಗೆ ತಾವು ಮಾತಾಡಿಕೊಂಡವರೇ. ಆದರೆ ಅವರದು ಬಹುಮಟ್ಟಿಗೆ ತತ್ವಶಾಸ್ತ್ರದ ವಿದ್ಯಾರ್ಥಿಯ ಸ್ವಗತ. ನಾಗಪ್ಪನದು ಪ್ಲಾಂಟ್ ಬಲ್ಲವನ ಸ್ವಗತ. ಅವನಿಗೆ ಸಾಕ್ಷ್ಯ ಬೇಕು.

'ಶಿಕಾರಿ'ಯ ಮಾತು ಬಂದಾಗ ಕಾಫ್ಕಾನ ಹೆಸರು ಹೇಳುವುದು ರೂಢಿ. ಹೇಳುವವರು ಕಾಫ್ಕಾನ ಹಗಲಿನ ಕೆಲಸವನ್ನೂ ನೆನೆಯಬೇಕು. 1908ರಿಂದ 1922ರವರೆಗೆ ಅವನು ಪ್ರಾಗ್ ನಗರದಲ್ಲಿ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯ ನೌಕರ. ಮರ ಹೆರೆಯುವ ಯಂತ್ರಗಳಲ್ಲಿ ಚೌಕದ ಶಾಫ್ಟು ಬೆರಳು ಕತ್ತರಿಸುತ್ತದೆ, ಅದರ ಬದಲು ದುಂಡನೆಯ ಸುರಕ್ಷಿತ ಶಾಫ್ಟು ಹಾಕಬೇಕು ಎಂದು ಚಿತ್ರಗಳ ಸಮೇತ ಅವನು ಬರೆದ ವರದಿ ಉಳಿದುಬಂದಿದೆ. ಶಿಕ್ಷೆ ಕೊಡುವ ಯಂತ್ರದ ಒಂದೊಂದೇ ಭಾಗವನ್ನು ಅಧಿಕಾರಿಯೊಬ್ಬ ಹೆಮ್ಮೆಯಿಂದ ವಿವರಿಸುವ ಅವನ ಪ್ರಸಿದ್ಧ ಕತೆಯನ್ನು ಈ ವರದಿಯ ಪಕ್ಕ ಇಟ್ಟು ಓದಿದರೆ ದುಃಸ್ವಪ್ನ ಎಂದುಕೊಂಡದ್ದು ಎಷ್ಟು ಕಚೇರಿ ಭಾಷೆಯಲ್ಲಿದೆ ಎಂಬುದು ಕಾಣುತ್ತದೆ. ಚಿತ್ತಾಲರಿಗೂ ಕಾಫ್ಕಾನಿಗೂ ನಂಟಿದ್ದರೆ ಅದು ಅಸ್ತಿತ್ವವಾದದ ಮೂಲಕವೇ ಬಂದಿರಬೇಕೆಂದೇನಿಲ್ಲ. ಅಪಘಾತ ವರದಿಯ ಮೂಲಕವೂ ಬಂದಿರಬಹುದು.

ತಾಂತ್ರಿಕ ನೌಕರಿ ಮತ್ತು ಸಾಹಿತ್ಯ ಎಂಬ ವಿಷಯದಲ್ಲಿ ಜಗತ್ತಿನಲ್ಲಿ ಒಬ್ಬನನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕಾದರೆ ಅದು ಇಟಲಿಯ ಪ್ರಿಮೊ ಲೆವಿ. ಟ್ಯೂರಿನ್ ನಗರದ ಯಹೂದಿ, ರಸಾಯನಶಾಸ್ತ್ರದ ಪದವೀಧರ. 1944ರಲ್ಲಿ ಆಶ್ವಿಟ್ಸ್‌ಗೆ ಸಾಗಿಸಲ್ಪಟ್ಟ. ಅಲ್ಲಿನ ರಬ್ಬರ್ ಕಾರ್ಖಾನೆಯ ಪ್ರಯೋಗಶಾಲೆಗೆ ಕೈದಿಗಳಲ್ಲಿ ಕೆಮಿಸ್ಟರು ಬೇಕಾಗಿದ್ದರಿಂದ ಅವನ ಜೀವ ಉಳಿಯಲು ಅವನ ವಿದ್ಯೆಯೂ ಒಂದು ಕಾರಣವಾಯಿತು. ಹಿಂತಿರುಗಿದ ಮೇಲೆ ಟ್ಯೂರಿನ್ ಬಳಿಯ ಬಣ್ಣ-ವಾರ್ನಿಷ್ ಕಾರ್ಖಾನೆಯೊಂದರಲ್ಲಿ ಮೂರು ದಶಕದ ಹತ್ತಿರ ದುಡಿದು, ಅದರ ಮುಖ್ಯಸ್ಥನೂ ಆದ. ತನ್ನ ಬರವಣಿಗೆಗೆ ಮಾದರಿ ಯಾವುದೆಂದು ಕೇಳಿದಾಗ ಕಾರ್ಖಾನೆಯಲ್ಲಿ ವಾರಕ್ಕೊಮ್ಮೆ ಬರೆಯುವ ವರದಿ ಎಂಬರ್ಥದ ಉತ್ತರ ಕೊಟ್ಟವನು. ಚಿಕ್ಕದಾಗಿರಬೇಕು, ಖಚಿತವಾಗಿರಬೇಕು, ಮೇಲಿನಿಂದ ಕೆಳಗಿನವರೆಗೆ ಎಲ್ಲರಿಗೂ ಅರ್ಥವಾಗಬೇಕು. ಯಾತನಾ ಶಿಬಿರದ ಬಗ್ಗೆ ಬರೆಯುವಾಗ ದನಿ ಏರಿಸದೆ ಬರೆಯಲು ಅವನಿಗೆ ಸಾಧ್ಯವಾದದ್ದರ ಹಿಂದೆ ಈ ರೂಢಿಯೂ ಇತ್ತು ಎಂದು ನಾನು ನಂಬುತ್ತೇನೆ.

1975ರಲ್ಲಿ ಬಂದ ಅವನ 'ಆವರ್ತಕ ಕೋಷ್ಟಕ'ದಲ್ಲಿ 21 ಅಧ್ಯಾಯಗಳು, ಒಂದೊಂದಕ್ಕೂ ಒಂದೊಂದು ಧಾತುವಿನ ಹೆಸರು. ಕ್ರೋಮಿಯಮ್ ಅಧ್ಯಾಯದ ಕತೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಯುದ್ಧ ಮುಗಿದ ಹೊಸತು. ಕಾರ್ಖಾನೆಯಲ್ಲಿ ತುಕ್ಕು ತಡೆಯುವ ಬಣ್ಣದ ರಾಶಿಯೊಂದು ಡಬ್ಬಿಯೊಳಗೇ ಹೆಪ್ಪುಗಟ್ಟಿ ಕುಳಿತಿದೆ, ಕಾರಣ ಯಾರಿಗೂ ಗೊತ್ತಿಲ್ಲ. ಹೊಸ ಕೆಮಿಸ್ಟ್ ಹಳೆಯ ದಾಖಲೆಗಳನ್ನು ತೆಗೆದು ನೋಡುತ್ತಾನೆ. ಕಚ್ಚಾವಸ್ತುವಿನ ಪರೀಕ್ಷೆಯ ಫಲಿತಾಂಶ ಪ್ರತಿಸಲವೂ ಒಂದೇ ಅಂಕಿ. ನಿಜವಾದ ಪರೀಕ್ಷೆಯಲ್ಲಿ ಹಾಗೆ ಬರಲು ಸಾಧ್ಯವೇ ಇಲ್ಲ. ಹುಡುಕುತ್ತ ಹೋದರೆ, ಪರೀಕ್ಷೆಯ ಸೂಚನಾ ಚೀಟಿಯಲ್ಲಿ ಹಿಂದೆ ರಾಸಾಯನಿಕದ "2 ಅಥವಾ 3" ಹನಿ ಹಾಕಬೇಕು ಎಂದಿದ್ದದ್ದು, ಆಮೇಲಿನ ಪ್ರತಿಯಲ್ಲಿ 23 ಹನಿ ಎಂದಾಗಿದೆ. ಇಷ್ಟು ಹನಿ ಹಾಕಿದರೆ ಕೆಟ್ಟ ಮಾಲೂ ಒಳ್ಳೆಯದೆಂದೇ ಪಾಸಾಗುತ್ತದೆ. ಅವನು ಪರಿಹಾರವಾಗಿ ಅಮೋನಿಯಮ್ ಕ್ಲೋರೈಡ್ ಸೇರಿಸಲು ಹೇಳುತ್ತಾನೆ, ಬಣ್ಣ ಸರಿಹೋಗುತ್ತದೆ. ವರ್ಷಗಳು ಕಳೆದು, ಕೆಟ್ಟ ಕಚ್ಚಾವಸ್ತು ಎಂದೋ ಮುಗಿದುಹೋಗಿ, ಅವನೂ ಅಲ್ಲಿಂದ ಹೊರಟುಹೋದ ಮೇಲೂ ಆ ಕಾರ್ಖಾನೆಯಲ್ಲಿ ಅಮೋನಿಯಮ್ ಕ್ಲೋರೈಡ್ ಹಾಕುತ್ತಲೇ ಇರುತ್ತಾರೆ. ಯಾಕೆ ಹಾಕುತ್ತೇವೆಂದು ಯಾರಿಗೂ ಗೊತ್ತಿಲ್ಲ. ಸೂತ್ರದಲ್ಲಿದೆ, ಹಾಕುತ್ತಾರೆ.

ನಮ್ಮಲ್ಲಿ ಸಂಪ್ರದಾಯದ ಬಗ್ಗೆ, ಅರ್ಥ ಕಳಕೊಂಡ ಆಚರಣೆಗಳ ಬಗ್ಗೆ ಎಷ್ಟೋ ಕತೆಗಳು ಬಂದಿವೆ. ಅಗ್ರಹಾರ, ಮಡಿ, ಶ್ರಾದ್ಧ ಎಲ್ಲವೂ ಬಂದಿವೆ. ಒಂದು ಬಣ್ಣದ ಡಬ್ಬಿಯಿಂದ ಅದೇ ಮಾತನ್ನು ಇಷ್ಟು ನಗುತ್ತ ಹೇಳಬಹುದು ಎಂಬುದಕ್ಕೆ ಕನ್ನಡದಲ್ಲಿ ಇದಕ್ಕೆ ಸಮನಾದ ಉದಾಹರಣೆ ನನಗೆ ಸಿಕ್ಕಿಲ್ಲ. ಲೆವಿಯಲ್ಲಿ ಕೆಲಸವೇ ಕತೆ. ನಮ್ಮಲ್ಲಿ ಕೆಲಸ ಕತೆಯ ಹಿಂದಿನ ಗೋಡೆ.

ಹೀಗೆಂದ ತಕ್ಷಣ ಒಂದು ದೊಡ್ಡ ಅಪವಾದ ಎದ್ದು ನಿಲ್ಲುತ್ತದೆ: ನಾ. ಡಿಸೋಜ. ಅವರು ಎಂಜಿನಿಯರ್ ಅಲ್ಲ. ಲೋಕೋಪಯೋಗಿ ಇಲಾಖೆಯ ಕಚೇರಿಗಳಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಕೆಲಸ ಮಾಡಿದವರು. ಆದರೆ ಅವರ ಕೈ ಮೇಲೆ ಹಾದುಹೋದ ಕಾಗದಗಳು ತಾಂತ್ರಿಕವಾದವು, ಮತ್ತು ಆ ಕಾಗದಗಳು ಶರಾವತಿ ಕಣಿವೆಯವು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ಅದರ ಗರಿಷ್ಠ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಪ್ರತಿ ಮಳೆಗಾಲ ಪತ್ರಿಕೆಯ ಮೂಲೆಯಲ್ಲಿ ಈ ಅಂಕಿ ನೋಡುತ್ತೇವೆ. ಶಿವಮೊಗ್ಗದ ಕಡೆಯವರಿಗೆ ಬಾಯಿಪಾಠ. ಎಂಜಿನಿಯರಿನ ನಕ್ಷೆಯಲ್ಲಿ ಇದು ಗುಡ್ಡಗಳ ಸೊಂಟದ ಸುತ್ತ ಎಳೆದ ಒಂದು ಗೆರೆ. ಗೆರೆಯ ಕೆಳಗಿದ್ದದ್ದು ಮುಳುಗಡೆ, ಅದಕ್ಕೆ ಪರಿಹಾರ. ಗೆರೆಯ ಮೇಲಿದ್ದದ್ದು ಕಾಗದದ ಪ್ರಕಾರ ಸುರಕ್ಷಿತ. ತೋಟ ಕೆಳಗಿದ್ದು ಮನೆ ಮೇಲಿದ್ದರೆ? ಮನೆ ಉಳಿದು ಮನೆಗೆ ಹೋಗುವ ದಾರಿ ಮುಳುಗಿದರೆ? ಇದಕ್ಕೆ ನಕ್ಷೆಯಲ್ಲಿ ಬಣ್ಣವಿಲ್ಲ.

'ದ್ವೀಪ' ಹುಟ್ಟಿದ್ದು ಆ ಬಣ್ಣವಿಲ್ಲದ ಜಾಗದಲ್ಲಿ. ಏರುವ ನೀರಿನ ನಡುವೆ ಗುಡ್ಡದ ಮೇಲೆ ಉಳಿದುಬಿಡುವ ಗಣಪಯ್ಯನ ಕುಟುಂಬದ ಕತೆ ಅದು. ಗಿರೀಶ ಕಾಸರವಳ್ಳಿಯವರ 2002ರ ಚಿತ್ರದಿಂದಾಗಿ ಕಾದಂಬರಿ ಓದದವರಿಗೂ ಗೊತ್ತು. ಮುಳುಗಡೆಯ ಬಗ್ಗೆ ಅನುಕಂಪದಿಂದ ಬರೆಯುವುದು ಸುಲಭ. ಹೊರಗಿನಿಂದ ಬಂದ ಯಾವ ಲೇಖಕನಾದರೂ ಬರೆಯಬಹುದಿತ್ತು. ಆದರೆ ಅಳತೆ ಹೇಗೆ ನಡೆಯುತ್ತದೆ, ನೋಟಿಸು ಹೇಗೆ ಬರುತ್ತದೆ, ಪರಿಹಾರದ ಹಣ ಯಾವ ಮೇಜಿನ ಮೇಲೆ ಎಷ್ಟು ದಿನ ಕೂರುತ್ತದೆ, ಕೆಟ್ಟವನೇ ಅಲ್ಲದ ಅಧಿಕಾರಿ ಯಾಕೆ ಏನೂ ಮಾಡಲಾರ ಎಂಬುದನ್ನು ಇಲಾಖೆಯ ಒಳಗಿದ್ದವನೇ ಹೇಳಬೇಕು. ಡಿಸೋಜರ ಮುಳುಗಡೆ ಕಥನಗಳಲ್ಲಿ ಖಳನಾಯಕನನ್ನು ಹುಡುಕುವ ಆತುರವಿಲ್ಲದ್ದಕ್ಕೆ ಈ ಒಳಗಿನ ತಿಳಿವಳಿಕೆಯೇ ಕಾರಣ. ಅದೇ ಕಣಿವೆಯಲ್ಲಿ ಅದಕ್ಕಿಂತ ಹಿಂದೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೆಯೇ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿತು. ನೀರು ತೀರ ಇಳಿದ ವರ್ಷ ಎದ್ದು ಕಾಣುತ್ತದೆ. ಎಂಜಿನಿಯರಿಂಗ್ ತನ್ನ ಹಿಂದಿನ ಕೆಲಸವನ್ನೇ ಮುಳುಗಿಸುವ ಇಂಥ ವ್ಯಂಗ್ಯವನ್ನು ಕಲ್ಪಿಸಿ ಬರೆದರೆ ಅತಿಯಾಯಿತು ಅನ್ನುತ್ತಿದ್ದೆವು. 2014ರ ಮಡಿಕೇರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ್ದ ಡಿಸೋಜ 2025ರ ಜನವರಿಯಲ್ಲಿ ತೀರಿಕೊಂಡಾಗ ಬಂದ ಶ್ರದ್ಧಾಂಜಲಿಗಳಲ್ಲಿ ಮಲೆನಾಡು, ಮಕ್ಕಳ ಸಾಹಿತ್ಯ, ಸೌಹಾರ್ದ ಎಲ್ಲ ಇದ್ದವು. ಇಲಾಖೆಯ ನೌಕರಿಯನ್ನು ಜೀವನಚರಿತ್ರೆಯ ಒಂದು ಸಾಲಾಗಿ ಮುಗಿಸಿಬಿಟ್ಟರು. ನನ್ನ ದೃಷ್ಟಿಯಲ್ಲಿ ಅದು ಅವರ ಬರಹದ ಅಡಿಪಾಯ.

ಜಯಂತ ಕಾಯ್ಕಿಣಿ ಗೋಕರ್ಣದವರು. ಚಿತ್ತಾಲರ ಹನೇಹಳ್ಳಿ ಅಲ್ಲೇ ಹತ್ತಿರ. ಆ ಕರಾವಳಿಯ ತುಂಡು ಮುಂಬಯಿಯ ರಸಾಯನ ಉದ್ಯಮಕ್ಕೆ ಕತೆಗಾರರನ್ನು ಒದಗಿಸುವ ಗುತ್ತಿಗೆ ಹಿಡಿದಿತ್ತೋ ಏನೋ. ಧಾರವಾಡದಲ್ಲಿ ಜೀವರಸಾಯನಶಾಸ್ತ್ರ ಓದಿದ ಕಾಯ್ಕಿಣಿ ಮುಂಬಯಿಯ ಔಷಧ ಕಂಪನಿಗಳಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಕೆಮಿಸ್ಟ್ ಆಗಿದ್ದರು. ಅವರ ಮುಂಬಯಿ ಕತೆಗಳಲ್ಲಿ ಔಷಧ ಕಾರ್ಖಾನೆಯನ್ನು ಹುಡುಕಿದರೆ ನಿರಾಶೆ ಖಂಡಿತ. ಅಲ್ಲಿರುವವರು ಮದುವೆಯ ಕುದುರೆ ಏರುವವರು, ಸಿನಿಮಾದಲ್ಲಿ ಬೇರೆಯವರ ಬದಲು ಬೀಳುವವರು, ಫೋಟೋಗೆ ಕಟ್ಟು ಹಾಕುವವರು. ಆದರೂ ಔಷಧ ತಯಾರಿಕೆಯ ಒಂದು ರೂಢಿಯನ್ನು ನೆನೆಯಿರಿ. ಅಲ್ಲಿ ಪ್ರತಿ ಬ್ಯಾಚಿಗೂ ಸಂಖ್ಯೆ, ಪ್ರತಿ ಹಂತಕ್ಕೂ ಮಾಡಿದವನ ಸಹಿ, ನೋಡಿದವನ ಸಹಿ. ಮಾರಿಹೋದ ಬ್ಯಾಚಿನಿಂದಲೂ ಒಂದಿಷ್ಟು ಮಾದರಿಯನ್ನು ವರ್ಷಗಟ್ಟಲೆ ಕಪಾಟಿನಲ್ಲಿ ಎತ್ತಿಡುತ್ತಾರೆ. ಯಾವ ಸಣ್ಣ ವಸ್ತುವೂ ಲೆಕ್ಕಕ್ಕೆ ತಪ್ಪುವಂತಿಲ್ಲ. 'ಒಪೆರಾ ಹೌಸ್' ಕತೆಯಲ್ಲಿ ಚಿತ್ರಮಂದಿರ ಗುಡಿಸುವವನಿಗೆ ಸೀಟಿನಡಿ ಸಿಗುವ ಫ್ಲಾಸ್ಕನ್ನು ಕಾಯ್ಕಿಣಿ ನೋಡುವ ಗಮನದಲ್ಲಿ ನನಗೆ ಆ ಕಪಾಟು ಕಾಣುತ್ತದೆ. ಇದು ನನ್ನ ಊಹೆ. ಅವರು ಕವಿಯೂ ಆದದ್ದರಿಂದ ಆ ಗಮನ ಅಲ್ಲಿಂದಲೇ ಬಂತು ಎಂದು ವಾದಿಸುವವರ ಜೊತೆ ನಾನು ಜಗಳವಾಡುವುದಿಲ್ಲ. 19ನೇ ವಯಸ್ಸಿಗೇ, ಯಾವ ಕಾರ್ಖಾನೆಯ ಮೆಟ್ಟಿಲನ್ನೂ ಹತ್ತುವ ಮುಂಚೆ, ರಾಜ್ಯ ಅಕಾಡೆಮಿಯ ಬಹುಮಾನ ಪಡೆದಿದ್ದವರು ಅವರು.

ವಿವೇಕ ಶಾನಭಾಗರ ವಿಷಯದಲ್ಲಿ ಊಹೆ ಬೇಡ. ಎಂಜಿನಿಯರಿಂಗ್ ಓದಿ ಹಿಂದೂಸ್ತಾನ್ ಯೂನಿಲಿವರ್‌ನಲ್ಲಿ ದೀರ್ಘಕಾಲ ಇದ್ದವರು. 2013ರ 'ಘಾಚರ್ ಘೋಚರ್'ನಲ್ಲಿ ಅಪ್ಪ ಸೇಲ್ಸ್‌ಮನ್. ಅಂಗಡಿಗಳಿಗೆ ಸರಕು ಹಾಕಿ, ಹಣ ವಸೂಲು ಮಾಡಿ, ರಾತ್ರಿ ಮನೆಗೆ ಬಂದು ಲೆಕ್ಕ ತಾಳೆ ಹಾಕುವವನು. ಒಂದು ರಾತ್ರಿ ಲೆಕ್ಕ ಕೂಡದೆ ಮನೆಮಂದಿಯೆಲ್ಲ ಅದರ ಸುತ್ತ ಕೂರುವ ಭಾಗವನ್ನು ಓದಿದವರು ಮರೆಯಲಾರರು. ಆಮೇಲೆ ಚಿಕ್ಕಪ್ಪನ ವ್ಯಾಪಾರ ಬರುತ್ತದೆ: ಮಸಾಲೆ ಪದಾರ್ಥ ಸಗಟಾಗಿ ತರಿಸಿ, ಪೊಟ್ಟಣ ಕಟ್ಟಿ ಅಂಗಡಿಗಳಿಗೆ ಹಾಕುವುದು. ದುಡ್ಡು ಬರುತ್ತದೆ, ಲೆಕ್ಕ ಕೂಡಿಸುವ ಅಪ್ಪನ ಅಗತ್ಯ ಮುಗಿಯುತ್ತದೆ, ಮನೆಯ ನೀತಿಯೂ ಬೇರೆಯಾಗುತ್ತದೆ. ದಿನಬಳಕೆಯ ಸರಕು ಹೇಗೆ ಅಂಗಡಿಯಿಂದ ಅಂಗಡಿಗೆ ಹರಿಯುತ್ತದೆ, ಲಾಭ ಎಲ್ಲಿ ಕೂರುತ್ತದೆ ಎಂಬುದನ್ನು ವೃತ್ತಿಯಿಂದ ಬಲ್ಲವನಿಗೆ ಮಾತ್ರ ಒಂದು ಸಂಸಾರದ ಅಧಃಪತನವನ್ನು ಇಷ್ಟು ಕಡಿಮೆ ಪುಟಗಳಲ್ಲಿ ಲೆಕ್ಕದ ಪುಸ್ತಕದ ಮೂಲಕ ಹೇಳಲು ಬರುತ್ತದೆ. ಶ್ರೀನಾಥ ಪೇರೂರರ ಇಂಗ್ಲಿಷ್ ಅನುವಾದದಲ್ಲಿ ಈ ಕೃತಿ ಓದಿದ ಹೊರದೇಶದವರು ಚೆಕಾಫ್‌ನನ್ನು ನೆನೆದರು. ಆ ಸಂಯಮಕ್ಕೆ ಚೆಕಾಫ್ ಜೊತೆಗೆ ಮಾಸಿಕ ಮಾರಾಟ ವರದಿಯೂ ಸ್ವಲ್ಪ ಹೊಣೆ ಎಂದು ನನ್ನ ಅನುಮಾನ.

ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ ನೇಮಿಚಂದ್ರರು ವಿಮಾನದ ಬಗ್ಗೆ ಬರೆದು ಹೆಸರಾದವರಲ್ಲ. 'ಯಾದ್ ವಶೇಮ್' ಯಹೂದಿಗಳ ಹತ್ಯಾಕಾಂಡದ ನೆನಪನ್ನು ಬೆಂಗಳೂರಿಗೆ ಬೆಸೆಯುವ ಕಾದಂಬರಿ. ಅದಕ್ಕಾಗಿ ಅವರು ಯುರೋಪು, ಇಸ್ರೇಲುಗಳ ಸ್ಥಳಗಳಿಗೆ ಹೋಗಿ ನೋಡಿಬಂದರು. ಮಹಿಳಾ ವಿಜ್ಞಾನಿಗಳ ಬದುಕನ್ನು ಕನ್ನಡಕ್ಕೆ ತಂದ ಅವರ ಕೆಲಸ ಕತೆಗಳಿಗಿಂತ ಕಡಿಮೆಯದೇನಲ್ಲ. ಗಂಡಸರೇ ತುಂಬಿದ ತಾಂತ್ರಿಕ ವಿಭಾಗದಲ್ಲಿ ಕೂತವರಿಗೆ ಆ ಹೆಂಗಸರು ಯಾಕೆ ಮುಖ್ಯ ಅನ್ನಿಸಿದರು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಗುರುಪ್ರಸಾದ ಕಾಗಿನೆಲೆಯವರ 'ಹಿಜಾಬ್' ಇನ್ನೂ ನೇರ. ಅಮೆರಿಕದ ಊರೊಂದರ ಆಸ್ಪತ್ರೆ, ಸಿಸೇರಿಯನ್ ಬೇಡವೆನ್ನುವ ವಲಸಿಗ ಗರ್ಭಿಣಿಯರು, ಕಾನೂನಿಗೂ ಪ್ರಾಣಕ್ಕೂ ನಡುವೆ ಸಿಕ್ಕಿಬಿದ್ದ ಭಾರತೀಯ ವೈದ್ಯರು. ಅಲ್ಲಿ ಆಸ್ಪತ್ರೆ ಹಿನ್ನೆಲೆಯಾಗಿ ಉಳಿಯುವುದಿಲ್ಲ, ವೈದ್ಯಕೀಯ ನಿರ್ಧಾರವೇ ಕತೆಯ ತಿರುವು. ವೈದ್ಯರಿಗೆ ಈ ಧೈರ್ಯ ಮೊದಲಿಂದಲೂ ಸ್ವಲ್ಪ ಹೆಚ್ಚು. ರೋಗಿ ಎಂಬ ಮನುಷ್ಯ ಅವರ ಕೆಲಸದಲ್ಲೇ ಇದ್ದಾನೆ. ಎಂಜಿನಿಯರಿಗೆ ಎದುರಿಗಿರುವುದು ಯಂತ್ರ.

ಸಾಫ್ಟ್‌ವೇರಿನ ಮಾತಿಗೆ ಬರೋಣ. ಸಂಡೂರಿನ ವಸುಧೇಂದ್ರರು ಸುರತ್ಕಲ್ಲಿನಲ್ಲಿ, ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಎರಡು ದಶಕದಷ್ಟು ಕಾಲ ಆ ಉದ್ಯಮದಲ್ಲಿದ್ದು ಹೊರಬಂದವರು. ಐಟಿ ಬದುಕಿನ ನಗು, ಸಂಕಟಗಳನ್ನು ಪ್ರಬಂಧಗಳಲ್ಲಿ ಕನ್ನಡಕ್ಕೆ ಮೊದಲಿಗೆ ಒಗ್ಗಿಸಿದವರಲ್ಲಿ ಅವರು ಪ್ರಮುಖರು. 2013ರ 'ಮೋಹನಸ್ವಾಮಿ'ಯಲ್ಲಿ ಆ ಜಗತ್ತು ಒಬ್ಬ ಸಲಿಂಗಕಾಮಿ ಯುವಕನ ಸುತ್ತ ಬರುತ್ತದೆ. 2019ರ 'ತೇಜೋ ತುಂಗಭದ್ರಾ'ದ ಹೊತ್ತಿಗೆ ಅವರು ಲಿಸ್ಬನ್ ಮತ್ತು ವಿಜಯನಗರಕ್ಕೆ, ಐದು ಶತಮಾನ ಹಿಂದಕ್ಕೆ ಹೋಗಿಬಿಟ್ಟರು. ಆದರೆ ಆ ಕಾದಂಬರಿಯ ಕಟ್ಟಡದಲ್ಲಿ ಪ್ರಾಜೆಕ್ಟ್ ನಡೆಸಿ ಗೊತ್ತಿದ್ದವರ ಕೈ ಇದೆ. ಎರಡು ನದಿ, ಎರಡು ಊರು, ಹತ್ತಾರು ಎಳೆ. ಒಂದೊಂದೂ ಬೇರೆಯಾಗಿ ಬೆಳೆದು, ಸೇರಬೇಕಾದ ಕಡೆ ಸೇರುತ್ತವೆ. ಓದುಗರು ಅದನ್ನು ಮುಗಿಬಿದ್ದು ಓದಿದ್ದಕ್ಕೆ ಇದೂ ಕಾರಣ. ನನ್ನ ತಕರಾರೂ ಇಲ್ಲೇ: ಕೆಲವು ಎಳೆಗಳು ಸಡಿಲವಾಗಿ ಉಳಿದಿದ್ದರೆ ಚೆನ್ನಾಗಿತ್ತು ಅನ್ನಿಸುವಷ್ಟು ಬಿಗಿ. ಕೊಟ್ಟ ತಾರೀಖಿಗೆ ಮಾಲು ತಲುಪಿಸಿ ರೂಢಿಯಾದವರಿಗೆ ಅರ್ಧಕ್ಕೆ ಬಿಡುವ ಕಲೆ ಕಷ್ಟವಾಗುತ್ತದೇನೋ.

ಜಮೆಯ ಕಡೆ ಇಷ್ಟಿದೆ, ಕಡಿಮೆಯೇನಲ್ಲ. ಖರ್ಚಿನ ಕಡೆ ನೋಡಿದರೆ ಮೊದಲು ಕಾಣುವುದು ಹುದ್ದೆಯ ಎತ್ತರ. ಮೇಲೆ ಹೆಸರಿಸಿದವರಲ್ಲಿ ಹೆಚ್ಚಿನವರು ಮೇಜಿನ ಈಚೆ ಕೂತವರು, ಡಿಗ್ರಿ ಪಡೆದು ನೌಕರಿಗೆ ಹೋದವರು. ಫಿಟ್ಟರ್, ಟರ್ನರ್, ವೆಲ್ಡರ್, ಲೈನ್‌ಮನ್, ಬಾಯ್ಲರ್ ಅಟೆಂಡರ್ ಇವರ ಕೈಯಿಂದ ಬಂದ ಕಥನ ನಮ್ಮಲ್ಲಿ ತೀರ ತೆಳು. ಬೆಂಗಳೂರು ಕಾರ್ಖಾನೆಗಳ ಊರೂ ಆಗಿತ್ತು. ಎಚ್‌ಎಎಲ್ 1940ರಲ್ಲಿ, ಐಟಿಐ 1948ರಲ್ಲಿ, ಎಚ್‌ಎಂಟಿ 1953ರಲ್ಲಿ, ಬಿಇಎಲ್ 1954ರಲ್ಲಿ ಶುರುವಾದವು. ಅವುಗಳ ಕನ್ನಡ ಸಂಘಗಳು ನಾಟಕ ಆಡಿದವು, ರಾಜ್ಯೋತ್ಸವ ಮಾಡಿದವು, ಸಾಹಿತಿಗಳನ್ನು ಕರೆಸಿ ಶಾಲು ಹೊದಿಸಿದವು. 1980ರ ಡಿಸೆಂಬರಿನಿಂದ 1981ರ ಮಾರ್ಚ್‌ವರೆಗೆ ಇದೇ ಕಾರ್ಖಾನೆಗಳ ಲಕ್ಷಕ್ಕೂ ಹೆಚ್ಚು ನೌಕರರು 77 ದಿನ ಮುಷ್ಕರ ಹೂಡಿದರು. ಸಂಬಳವಿಲ್ಲದ 77 ದಿನ. ಮನೆ ಬಾಡಿಗೆ, ಮಕ್ಕಳ ಫೀಸು, ನೆರೆಹೊರೆಯ ಸಾಲ, ಕೊನೆಗೆ ಏನೂ ದಕ್ಕದೆ ಹಿಂತಿರುಗಿ ಕಾರ್ಡು ಪಂಚ್ ಮಾಡಿದ ಬೆಳಗು. ಆ ದಿನಗಳಿಗೆ ಅವುಗಳ ಗಾತ್ರಕ್ಕೆ ತಕ್ಕ ಜಾಗ ನಮ್ಮ ಕಾದಂಬರಿಯಲ್ಲಿ ಸಿಕ್ಕಿಲ್ಲ. ದಲಿತ-ಬಂಡಾಯ ಸಾಹಿತ್ಯ ಬಿಸಿಯೇರಿದ್ದ ಕಾಲವೂ ಅದೇ. ಆದರೆ ಆ ಬರಹ ತನ್ನ ನ್ಯಾಯವಾದ ಕಾರಣಗಳಿಗಾಗಿ ಹಳ್ಳಿಯ ಕಡೆ, ಕೇರಿಯ ಕಡೆ ನೋಡುತ್ತಿತ್ತು. ಕಾರ್ಖಾನೆಯ ಗೇಟು ಎರಡರ ನಡುವೆ ಬಿದ್ದುಹೋಯಿತು. ಕೋಲಾರದ ಚಿನ್ನದ ಗಣಿಯ ಕತೆಯೂ ಹೀಗೆಯೇ. ಮೂರು ಸಾವಿರ ಮೀಟರಿಗೂ ಹೆಚ್ಚು ಆಳಕ್ಕೆ ಇಳಿದ, 2001ರಲ್ಲಿ ಮುಚ್ಚಿದ ಆ ಗಣಿ ನಮ್ಮ ಬಹುಪಾಲು ಓದುಗರಿಗೆ ಸಿನಿಮಾದಿಂದ ಮಾತ್ರ ಗೊತ್ತು. ಅಲ್ಲಿ ದುಡಿದವರಲ್ಲಿ ಬಹಳ ಜನರ ಮನೆಮಾತು ತಮಿಳು, ತೆಲುಗು ಎಂಬ ಸಬೂಬು ಅರ್ಧ ಮಾತ್ರ ಸರಿ.

ಎರಡನೆಯ ಕೊರತೆ ಈಗಿನದು. ಪತ್ರಿಕೆಗೆ ಬರುವ ಕತೆಗಳಲ್ಲಿ ಈಚೆಗೆ ನಾಯಕ ಅಥವಾ ನಾಯಕಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿರುವುದು ಮಾಮೂಲು. ಮೊದಲ ಪ್ಯಾರಾದಲ್ಲಿ ಲ್ಯಾಪ್‌ಟಾಪ್ ಮುಚ್ಚುತ್ತಾರೆ, ಎರಡನೆಯದರಲ್ಲಿ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸಿಕ್ಕಿಬೀಳುತ್ತಾರೆ, ಮೂರನೆಯದರಲ್ಲಿ ಊರಿನ ಅಜ್ಜಿ ನೆನಪಾಗುತ್ತಾಳೆ. ಅಲ್ಲಿಂದ ಮುಂದೆ ಕತೆ ಅಜ್ಜಿಯದು. ಆ ವ್ಯಕ್ತಿ ಲ್ಯಾಪ್‌ಟಾಪ್ ಮುಚ್ಚುವ ಮೊದಲು ಒಂಬತ್ತು ಗಂಟೆ ಹೊತ್ತು ಏನು ಮಾಡಿದ ಎಂಬುದು ನಮಗೆ ತಿಳಿಯುವುದೇ ಇಲ್ಲ. ನಡುರಾತ್ರಿ ಯಾವುದೋ ದೇಶದ ಬ್ಯಾಂಕಿನ ಸರ್ವರ್ ನಿಂತು, ಫೋನು ಬಂದು, ನಿದ್ದೆಗಣ್ಣಿನಲ್ಲಿ ಎದ್ದು ಸಾವಿರಾರು ಸಾಲು ಲಾಗ್ ಓದುತ್ತ ತಪ್ಪು ಹುಡುಕುವವನ ಎದೆಬಡಿತ ಯಾವ ಪತ್ತೇದಾರಿ ಕತೆಗೂ ಕಡಿಮೆಯದಲ್ಲ. ಎಂದೋ ಕೆಲಸ ಬಿಟ್ಟುಹೋದವನೊಬ್ಬ ಬರೆದ ಕೋಡ್ ಯಾಕಿದೆಯೆಂದು ಯಾರಿಗೂ ಗೊತ್ತಿಲ್ಲದೆ, ತೆಗೆಯಲು ಯಾರಿಗೂ ಧೈರ್ಯವಿಲ್ಲದೆ ಉಳಿದುಕೊಂಡಿರುತ್ತದೆ. ಲೆವಿಯ ಅಮೋನಿಯಮ್ ಕ್ಲೋರೈಡ್ ಈಗ ವೈಟ್‌ಫೀಲ್ಡಿನಲ್ಲಿದೆ. ವಿಕ್ರಮ ಹತ್ವಾರರ 'ಝೀರೊ ಮತ್ತು ಒಂದು' ಸಂಕಲನದ ಹೆಸರೇ ಆ ಜಗತ್ತಿನ ಬಾಗಿಲು ತಟ್ಟಿತ್ತು. ಆ ಬಾಗಿಲಿನಿಂದ ಒಳಗೆ ಹೋದವರು ಕಡಿಮೆ.

ಯಾಕೆ ಹೀಗೆ ಎಂದು ಕತೆಗಾರರನ್ನು ಕೇಳಿದರೆ ಸಿಗುವ ಉತ್ತರ ಬಹುತೇಕ ಒಂದೇ: "ಅದೆಲ್ಲ ಟೆಕ್ನಿಕಲ್ ಸಾರ್, ಓದುಗರಿಗೆ ಅರ್ಥವಾಗಲ್ಲ." ಈ ಭಯವನ್ನು ನಾನು ಒಪ್ಪುವುದಿಲ್ಲ. ಬಿ.ಜಿ.ಎಲ್. ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಸಸ್ಯಶಾಸ್ತ್ರಜ್ಞ. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿ 'ಹಸುರು ಹೊನ್ನು' ಬರೆದಾಗ ಅದರಲ್ಲಿ ಲ್ಯಾಟಿನ್ ಹೆಸರುಗಳಿದ್ದವು, ಎಲೆ-ಹೂವುಗಳ ರೇಖಾಚಿತ್ರಗಳಿದ್ದವು, ಕುಟುಂಬ-ಪ್ರಭೇದಗಳ ವಿವರವಿತ್ತು. ಕನ್ನಡಿಗರು ಅದನ್ನು ನಗುತ್ತ ಓದಿದರು, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ತೇಜಸ್ವಿಯವರ 'ಕರ್ವಾಲೊ' ಬಂದಾಗ ಹಾರುವ ಓತಿಯ ವಿಕಾಸವಾದ ನಮಗ್ಯಾಕೆ ಎಂದು ಯಾವ ಓದುಗನೂ ಪುಸ್ತಕ ಮುಚ್ಚಲಿಲ್ಲ. ಓದುಗನಿಗೆ ಬೇಕಾದದ್ದು ಎಲ್ಲ ಅರ್ಥವಾಗುವುದಲ್ಲ. ಹೇಳುವವನಿಗೆ ಗೊತ್ತಿದೆ ಎಂಬ ಭರವಸೆ, ಮತ್ತು ಆ ಕೆಲಸ ಕೆಟ್ಟರೆ ಯಾರಿಗೇನಾಗುತ್ತದೆ ಎಂಬ ಸುಳಿವು. ಪತ್ತೆ ಹಚ್ಚುವ ಕೆಮಿಸ್ಟನ ಹಿಂದೆ ನಾವು ಹೋಗುವುದು ಕ್ರೋಮೇಟಿನ ಮೇಲಿನ ಪ್ರೀತಿಯಿಂದಲ್ಲ.

ನಿಜವಾದ ತೊಡಕು ಬೇರೆಯಿರಬಹುದು. ಚಿತ್ತಾಲ, ಕಾಯ್ಕಿಣಿಯವರ ಕಾಲದಿಂದಲೂ ಹಗಲಿನ ಕೆಲಸ ಇಂಗ್ಲಿಷಿನಲ್ಲಿ ನಡೆಯುತ್ತದೆ, ಬರವಣಿಗೆ ಕನ್ನಡದಲ್ಲಿ. ಹಾಗಾಗಿ ಕನ್ನಡ ಎಂದರೆ ಊರು, ಬಾಲ್ಯ, ಅಮ್ಮ ಎಂದು ನಾವೇ ವಿಂಗಡಿಸಿಕೊಂಡೆವು. ಆಫೀಸು ಇನ್ನೊಂದು ಪೆಟ್ಟಿಗೆಗೆ ಹೋಯಿತು. ಆದರೆ ಕ್ಯಾಂಟೀನಿನಲ್ಲಿ, ಶಿಫ್ಟ್ ಬಸ್ಸಿನಲ್ಲಿ, ಡಾಟಾ ಸೆಂಟರಿನ ಹಿಂದಿನ ಚಹಾ ಗಾಡಿಯ ಹತ್ತಿರ ಆ ಕೆಲಸದ ಬಗ್ಗೆ ಕನ್ನಡದಲ್ಲೇ ಮಾತಾಡುತ್ತಾರೆ, ಬೈಯುತ್ತಾರೆ, ಜೋಕು ಹೊಡೆಯುತ್ತಾರೆ. ಬೆಸ್ಕಾಂ ಲೈನ್‌ಮನ್ ಕಂಬದ ಮೇಲಿಂದ ಕೂಗಿ ಹೇಳುವ ಸೂಚನೆ ಪೂರ್ತಿ ಕನ್ನಡವೇ, ಅದರಲ್ಲಿ ಫೇಸು, ನ್ಯೂಟ್ರಲ್ಲು, ಜಂಪರ್ರು ಎಲ್ಲ ಸೇರಿಕೊಂಡು ಕನ್ನಡವೇ. ಆ ಮಾತನ್ನು ಪುಟಕ್ಕೆ ತರಲು ಪಾರಿಭಾಷಿಕ ಪದಕೋಶ ಬೇಕಾಗಿಲ್ಲ.

ಈ ಲೆಕ್ಕದಲ್ಲಿ ಇನ್ನೂ ಒಂದು ವಿಷಯ ಉಳಿದಿದೆ. ಲೆವಿ ಕೆಲಸವನ್ನೇ ಪೂರ್ತಿ ವಸ್ತುವಾಗಿಸಿಕೊಂಡ ಕಾದಂಬರಿ, ಕ್ರೇನು-ಸೇತುವೆ ಜೋಡಿಸುವ ಫೌಸ್ಸೋನೆ ಎಂಬ ರಿಗ್ಗರ್ ಹೇಳುವ ಕತೆಗಳದ್ದು, ಪ್ರಕಟವಾದದ್ದು 1978ರಲ್ಲಿ, ಅವನು ಕಾರ್ಖಾನೆ ಬಿಟ್ಟ ಮೇಲೆ. ಒಳಗಿದ್ದಾಗ ಬರೆಯಲು ಸಂಕೋಚ, ಕಂಪನಿಯ ಕರಾರು, ಸಹೋದ್ಯೋಗಿಗಳ ದಾಕ್ಷಿಣ್ಯ ಎಲ್ಲವೂ ಅಡ್ಡ ಬರುತ್ತವೆ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಐಟಿ ಕಂಪನಿಗಳಿಗೆ ಸೇರಿದ ಮೊದಲ ದೊಡ್ಡ ತಂಡಕ್ಕೆ ಈಗ ಐವತ್ತು ದಾಟಿದೆ. ಸಾರ್ವಜನಿಕ ಉದ್ದಿಮೆಗಳಲ್ಲಿ ಲೇತಿನ ಮುಂದೆ ನಿಂತಿದ್ದ ಕೊನೆಯ ದೊಡ್ಡ ತಲೆಮಾರು ಪಿಂಚಣಿಯಲ್ಲಿದೆ. ಇಬ್ಬರ ಹತ್ತಿರವೂ ಈಗ ಸಮಯವಿದೆ, ಕರಾರಿನ ಹೆದರಿಕೆ ಕಡಿಮೆಯಾಗಿದೆ. ಅವರ ಹಸ್ತಪ್ರತಿಗಳು ಈ ಹತ್ತು ವರ್ಷಗಳಲ್ಲಿ ಬರಬೇಕು. ಬಂದರೆ ನಮ್ಮದೊಂದೇ ಬೇಡಿಕೆ: ಅಜ್ಜಿ ಇರಲಿ, ಊರಿರಲಿ, ಅದರ ಜೊತೆಗೆ ಆ ದಿನ ಮಧ್ಯಾಹ್ನ ಮೂರು ಗಂಟೆಗೆ ಮೆಷಿನ್ ಯಾಕೆ ನಿಂತಿತು, ಯಾರು ಹೋಗಿ ನೋಡಿದರು, ವರದಿಯಲ್ಲಿ ಯಾರ ಹೆಸರು ಬರೆದರು ಎಂಬುದನ್ನೂ ಬಿಡದೆ ಬರೆಯಿರಿ.